ಬಾನೆಟ್ ಮೇಲಿಟ್ಟ ಜೇನು

ಹಾಸನ, ಚನ್ನರಾಯಪಟ್ಟಣ ಸುತ್ತಿ ಕಾಲು ಸೋತಿದ್ದವು. ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಕಾಯಿಸಿದ ಜೇನು. ಅವ್ವ ಅದನ್ನು ಮುಟ್ಟುವುದಿಲ್ಲ, ಅವಳಿಗೆ ಹಸಿ ಜೇನೇ ಆಗಬೇಕು. ಕೊನೆಗೆ ರಾಮನಾಥಪುರದಲ್ಲಿ ಒಬ್ಬ ನನ್ನ ಕಣ್ಣೆದುರೇ ಜೇನುಹುಟ್ಟು ಹಿಂಡಿ ಬಾಟಲಿ ತುಂಬಿಕೊಟ್ಟ.

ಅರಕಲಗೂಡಿನ ಬಸ್ಸಲ್ಲಿ ಸೀಟಿರಲಿಲ್ಲ. ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಮೇಲೆ ಎಲ್ಲರೂ ಚೀಲ ಇಟ್ಟಿದ್ದರು. ನಾನೂ ಬಾಟಲಿ ಅಲ್ಲೇ ಇಟ್ಟು, ಕಂಬಿಗೆ ಒರಗಿ ಕಣ್ಣು ಮುಚ್ಚಿದೆ.

"ಯಾರ್ದಲಾ ಈ ಜೇನು? ಬಾನೆಟ್ ಕಾದು ಕೆಂಡ ಆಗೈತೆ. ಬೇಯ್ಸಕ್ ಮಡಗಿದ್ದೀಯಾ?" ಎಂದಳು ಮುಂದಿನ ಸೀಟಿನ ಅಜ್ಜಿ.

ಮುಟ್ಟಿದೆ. ಬಾಟಲಿ ಬಿಸಿಯಾಗಿತ್ತು. ದಿನವೆಲ್ಲ ಅಲೆದದ್ದು ನೀರುಪಾಲಾಯಿತು ಅಂದುಕೊಂಡೆ.

ಅಜ್ಜಿ ಬಾಟಲಿ ಕಿತ್ತುಕೊಂಡು ಮುಚ್ಚಳ ತೆಗೆದಳು. ಕೇಳದೇ ಬೆರಳು ಅದ್ದಿ ನೆಕ್ಕಿದಳು. "ಕೆಟ್ಟಿಲ್ಲ ಕಣ್ಲಾ. ಇನ್ನೂ ಗಂಟ್ಲು ಕೆರೀತದೆ, ಹಸಿ ಜೇನೇಯಾ."

ಮತ್ತೆ ಅದ್ದಿದಳು.

"ಟೆಸ್ಟ್ ಮಾಡಕ್ಕೆ ಒಂದ್ ಬೆಟ್ಟು ಸಾಕಲ್ವಾ ಅಜ್ಜಿ?" ಎಂದ ಡ್ರೈವರ್.

"ನೀನ್ ರೋಡ್ ನೋಡಪ್ಪ."

ನಾನೂ ನೆಕ್ಕಿದೆ. ಹೊಗೆ ವಾಸನೆ, ಮೇಣದ ಚೂರು, ಆಮೇಲೆ ಸಿಹಿ, ಆಮೇಲೆ ಗಂಟಲಲ್ಲಿ ಕೆರೆತ. ಸುಸ್ತಿನಲ್ಲೂ ನಗು ಬಂತು.

ಬಾಟಲಿಯನ್ನು ಅಜ್ಜಿ ತನ್ನ ಮಡಿಲಲ್ಲೇ ಇಟ್ಟುಕೊಂಡಳು. ಕಣ್ಣು ಎಳೆಯುತ್ತಿದ್ದರೂ ನಾನು ನಿದ್ದೆ ಮಾಡಲಿಲ್ಲ. ಅವಳ ಕೈ ಮುಚ್ಚಳದ ಮೇಲೇ ಇತ್ತು.