ಕಡಕ್ ರೊಟ್ಟಿಯ ಸದ್ದು

ಬೆಂಗಳೂರು ಕಡೆಯವರು ನಮ್ಮ ಜೋಳದ ರೊಟ್ಟಿಯನ್ನು ಗರಿಗರಿ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಗರಿಗರಿ ಹಪ್ಪಳಕ್ಕೆ ಹೇಳುವ ಮಾತು. ನಮ್ಮ ರೊಟ್ಟಿ ಕಡಕ್. ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಒಳಗಿನ ಹಸಿಯೆಲ್ಲ ಹೋಗುವ ತನಕ ಒಲೆಯ ಪಕ್ಕಕ್ಕೆ ಒರಗಿಸಿಡಬೇಕು. ಸೀದರೆ ಅದು ಕಡಕ್ ಅಲ್ಲ, ದಪ್ಪಗಾಗಿ ಹಲ್ಲಿಗೆ ಗಟ್ಟಿ ಸಿಕ್ಕರೂ ಅಲ್ಲ. ಚಹಾಕ್ಕೂ, ಇಸ್ತ್ರಿ ಅಂಗಿಗೂ, ಸಾಲಿ ಮಾಸ್ತರಿಗೂ ಇದೇ ಮಾತು ಬಳಸುತ್ತೇವೆ. ರೊಟ್ಟಿಯದನ್ನು ಮಾತ್ರ ಮುರಿದು, ಸದ್ದು ಕೇಳಿಯೇ ಹೇಳಬೇಕು.

ನಮ್ಮ ಮನೆಯವರು ಈ ವಿಷಯದಲ್ಲಿ ಭಾರಿ ತಕರಾರಿನ ಮನುಷ್ಯ. ವಿದ್ಯಾಗಿರಿಯ ಕಾಲೇಜೊಂದರಲ್ಲಿ ಗುಮಾಸ್ತರಾಗಿದ್ದರು. ಊಟಕ್ಕೆ ಕೂತರೆ ಮೊದಲು ರೊಟ್ಟಿಯ ಅಂಚು ಮುರಿದು ಆಲಿಸುವರು. ಸದ್ದು ಸರಿ ಬರದಿದ್ದರೆ "ಇದು ಮೆತ್ತಗಾಗೇತಿ" ಎಂದು ಪಕ್ಕಕ್ಕಿಡುವರು.

"ಹಂಗಾರ ನಾಳಿಂದ ನೀವ ಬಡಕೋರಿ" ಎಂದು ನಾನೂ ಬಿಡುತ್ತಿರಲಿಲ್ಲ.

ಗುಟ್ಕಾ ಅವರ ಬಾಯಿಯನ್ನೇ ತಿಂದಿತು. ಮೊದಲು ಖಾರ ತಾಳಲಿಲ್ಲ, ಆಮೇಲೆ ಬಾಯಿ ತೆರೆಯುವುದೇ ಕಷ್ಟವಾಯಿತು. ದವಾಖಾನೆಯಲ್ಲಿ ನಾಲಿಗೆಯನ್ನೂ ದವಡೆಯ ಒಂದು ಪಾಲನ್ನೂ ತೆಗೆದು, ಮೂಗಿನಲ್ಲಿ ನಳಿಕೆ ಇಳಿಸಿ ಕಳಿಸಿದರು. ಮಾತು ಹೋಯಿತು. ರೋಗ ಮತ್ತೆ ಮರಳಿದಾಗ ಡಾಕ್ಟರು ಕೈಚೆಲ್ಲಿದರು. ನಾನು ನಳಿಕೆಯಲ್ಲಿ ಗಂಜಿ ಹಾಕುತ್ತಿದ್ದೆ. ರೊಟ್ಟಿ ಬಡಿಯುವುದನ್ನೇ ಬಿಟ್ಟು, ಅವರಿಗೆ ಕಾಣದಂತೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಅನ್ನ ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ಅವರು ಚಪ್ಪಾಳೆ ತಟ್ಟಿ ಕರೆದರು. ಎರಡೂ ಕೈಯಲ್ಲಿ ರೊಟ್ಟಿ ಮುರಿಯುವಂತೆ ಮಾಡಿ, ನನ್ನ ಬಾಯಿ ತೋರಿಸಿ, ಆಮೇಲೆ ತಮ್ಮ ಕಿವಿ ಮುಟ್ಟಿಕೊಂಡರು. ನನಗೆ ಸಿಟ್ಟೇ ಬಂತು. ಸಾಯುವ ಹೊತ್ತಿಗೂ ಇದೆಂಥ ಹಟ. ಆದರೂ ಮರುದಿನ ರೊಟ್ಟಿ ಮಾಡಿ ಮಂಚದ ಪಕ್ಕ ಕೂತು ತಿಂದೆ. ಅವರು ಕಣ್ಣು ಮುಚ್ಚಿ ಕೇಳಿದರು. ಅಂದಿನಿಂದ ಅದೇ ನನ್ನ ಕೆಲಸವಾಯಿತು. ಹಸಿವಿಲ್ಲದಿದ್ದರೂ ಅಗಿಯುತ್ತಿದ್ದೆ.

ಅವರ ತಂಗಿ ಗುಡೂರಿನಿಂದ ನೋಡಲು ಬಂದಾಗ ನಾನು ಹಾಗೇ ಕೂತು ತಿನ್ನುತ್ತಿದ್ದೆ. ಆಕೆ ಬಾಗಿಲಲ್ಲೇ ನಿಂತಳು.

"ವೈನಿ, ಅವನ ಗಂಟಲಾಗ ಹನಿ ನೀರು ಇಳಿವಲ್ದು. ಅವನ ಮುಂದ ಕುಂತು ರೊಟ್ಟಿ ಕಡೀತೀಯಲ್ಲ, ನೀ ಮನಷ್ಯಾಳೇನ?"

ನೋಡಿದವರು ಇನ್ನೇನು ಅಂದಾರು? ಇವರು ಕೈ ಚಾಚಿ ನನ್ನ ತಾಟಿನಿಂದ ಒಂದು ಚೂರು ಮುರಿದು ತಂಗಿಯ ಕಡೆ ಹಿಡಿದರು. ಆಕೆ ನನ್ನ ಮುಖ ನೋಡಿದಳು.

"ತಿನ್ನವ್ವಾ. ಅವರಿಗೆ ಸದ್ದು ಕೇಳಬೇಕಂತ."

ಆಕೆ ಅಳುತ್ತಲೇ ಕಡಿದಳು. ಇವರು ಕಿವಿಗೊಟ್ಟು ಕೇಳಿ, ಅಂಗೈಯನ್ನು ಜೋಲು ಬಿಟ್ಟು ಅಲ್ಲಾಡಿಸಿದರು. ಮೆತ್ತಗಾಗಿದೆಯಂತೆ. ಮಳೆಗಾಲ, ರೊಟ್ಟಿ ಖರೆ ಮೆತ್ತಗಾಗಿತ್ತು. ಆ ಸಂಜೆ ನಾದಿನಿ ಯಾರ ಮಾತೂ ಕೇಳದೆ ಹಂಚಿನ ಮುಂದೆ ಕೂತಳು. ಬುಟ್ಟಿ ತುಂಬುವಷ್ಟು ರೊಟ್ಟಿ ಬಡಿದು, ಒಂದೊಂದನ್ನೂ ಒಲೆಯ ಕಾವಿಗೆ ಹಿಡಿದು ಒಣಗಿಸಿದಳು. ಬೆಳಿಗ್ಗೆ ಅಣ್ಣನ ಕಿವಿಯ ಹತ್ತಿರ ಒಂದನ್ನು ಮುರಿದಳು. ಇವರು ಹೌದೆಂದು ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು.

ಅದೇ ವಾರ ಹೋಗಿಬಿಟ್ಟರು.

ಕಡಕ್ ರೊಟ್ಟಿ ಬೇಗ ಕೆಡುವುದಿಲ್ಲ. ಬಂದ ಬಂಧುಗಳೆಲ್ಲ ತಿರುಗಿ ಹೋದ ಮೇಲೂ ಒಲೆಯ ಪಕ್ಕ ಬೆಚ್ಚಗಿಟ್ಟ ಬುಟ್ಟಿಯಲ್ಲಿ ಅರ್ಧ ಉಳಿದಿತ್ತು. ಚೆಲ್ಲಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಖಾಲಿ ಮಂಚದ ಪಕ್ಕದಲ್ಲಿ ನಾನೂ ನಾದಿನಿಯೂ ಎದುರುಬದುರು ಕೂತು ತಿಂದೆವು. ಎಷ್ಟು ಮೆಲ್ಲಗೆ ಅಗಿದರೂ, ಸದ್ದಾಗದಂತೆ ತಿನ್ನಲು ಬರುವುದಿಲ್ಲ ಆ ರೊಟ್ಟಿಯನ್ನು.