ಸೊಸೆ ರಜೆಯಲ್ಲಿದ್ದಾಳೆ ಎಂದೆವು

ನನ್ನ ಸೊಸೆ ನರ್ಸ್. ಒಂದು ದೊಡ್ಡ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅವಳ ಕೆಲಸ. ಈಗ ಅಲ್ಲಿಗೆ ಹೋಗುವ ಹಾಗಿಲ್ಲ. ವಿಚಾರಣೆ ಮುಗಿಯುವ ತನಕ ಸಸ್ಪೆಂಡ್ ಮಾಡಿದ್ದಾರೆ. ಏನಾಯಿತೆಂದು ಮೊದಲೇ ಹೇಳಿಬಿಡುತ್ತೇನೆ.

ಡ್ಯೂಟಿ ಬದಲಾಗುವ ಹೊತ್ತಿಗೆ ವಾರ್ಡಿನಲ್ಲಿ ಗಡಿಬಿಡಿ. ಬರುವವಳ ಲೋಕಲ್ ರೈಲು ತಡವಾಗಿರುತ್ತದೆ, ಹೋಗುವವಳಿಗೆ ತನ್ನ ಲೋಕಲ್ ತಪ್ಪುವ ಚಿಂತೆ. ಅದಕ್ಕೆ ಹೋಗುವವಳು ಸಂಜೆಯ ಗುಳಿಗೆಗಳನ್ನು ಸಣ್ಣ ಕಪ್ಪುಗಳಿಗೆ ಹಾಕಿ, ಮಂಚದ ನಂಬರು ನೋಡಿ ಪಕ್ಕದಲ್ಲಿ ಇಟ್ಟು ಹೋಗುತ್ತಾಳೆ. ಹಾಗೆ ಮಾಡಬಾರದು. ಹೆಸರು ಕೇಳಿ, ಎದುರಿಗೆ ನಿಂತು ನುಂಗಿಸಬೇಕು. ಇದು ಎಲ್ಲರಿಗೂ ಗೊತ್ತಿತ್ತು, ಆದರೂ ಎಲ್ಲರೂ ಇಟ್ಟೇ ಹೋಗುತ್ತಿದ್ದರು.

ಅವತ್ತು ಮೈ ಬೇಯುವ ಸೆಕೆ. ಫ್ಯಾನಿನ ಕೆಳಗೆ ಮಲಗಿದ್ದ ಸಕ್ಕರೆ ಕಾಯಿಲೆಯವನು ಪಕ್ಕದ ಮುದುಕನ ಒದ್ದಾಟ ನೋಡಲಾರದೆ ತನ್ನ ಮಂಚ ಬಿಟ್ಟುಕೊಟ್ಟ. ಮುದುಕ ಆ ಮಂಚದ ಬಳಿ ಇದ್ದ ಗುಳಿಗೆ ತನ್ನದೇ ಎಂದುಕೊಂಡು ನುಂಗಿದ. ಸಕ್ಕರೆ ಇಳಿದು ಎಚ್ಚರ ತಪ್ಪಿತು. ಪುಣ್ಯಕ್ಕೆ ಬದುಕಿ ಮನೆಗೆ ಹೋದ. ಕಪ್ಪು ಇಟ್ಟವಳು ನನ್ನ ಸೊಸೆ. ತಪ್ಪು ಅವಳದೇ, ನಾನು ಇಲ್ಲ ಅನ್ನುವುದಿಲ್ಲ.

ಮೂರು ತಿಂಗಳು ಎಂದರು. ಇದು ಶಿಕ್ಷೆಯಲ್ಲ, ವಿಚಾರಣೆಗಾಗಿ ಅಷ್ಟೇ ಎಂದರಂತೆ. ಅಲ್ಲಿಯ ತನಕ ಎಲ್ಲಿಯೂ ನರ್ಸಿನ ಕೆಲಸ ಮಾಡುವ ಹಾಗಿಲ್ಲ. ಮಾಡಿದ್ದು ತಿಳಿದರೆ ಇರುವ ಕೆಲಸವೂ ಹೋಗುತ್ತದೆ.

ಭಾಂಡುಪಿನ ನಮ್ಮ ಚಾಳಿನಲ್ಲಿ, ಗೋಡೆಗೆ ಗೋಡೆ ಅಂಟಿದ ಖೋಲಿಗಳಲ್ಲಿ, ಇದನ್ನು ಹೇಗೆ ಹೇಳುವುದು? ರಜೆಯಲ್ಲಿದ್ದಾಳೆ ಎಂದೆವು. ಅದೇ ನಮ್ಮ ಕುತ್ತಿಗೆಗೆ ಬಂತು. ಡ್ಯೂಟಿ ಇದ್ದಾಗ ಜನ ಆದಿತ್ಯವಾರ ಮಾತ್ರ ಬರುತ್ತಿದ್ದರು. ಈಗ ದಿನವೂ ಬರತೊಡಗಿದರು. ಒಬ್ಬಳಿಗೆ ಬಿಪಿ ನೋಡಬೇಕು, ಇನ್ನೊಬ್ಬನಿಗೆ ಗಾಯಕ್ಕೆ ಪಟ್ಟಿ ಕಟ್ಟಬೇಕು. ನಾನು ಬಾಗಿಲಿಗೆ ಅಡ್ಡ ನಿಂತು, ಮಲಗಿದ್ದಾಳೆ, ಬಜಾರಿಗೆ ಹೋಗಿದ್ದಾಳೆ, ಕೈ ಉಳುಕಿದೆ ಎಂದು ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಿದ್ದೆ.

ಎದುರು ಖೋಲಿಯವಳು ಬಿಡಲಿಲ್ಲ. "ಯಾವಾಗ ನೋಡಿದರೂ ಮಲಗಿರತಾಳ. ಖರೇ ಹೇಳ್ರಿ ಅಜ್ಜಿ, ದಿನಾ ಹೋಗ್ಯಾವೇನು?" ಎಂದಳು. ಮರುದಿನ ಬಸುರಿಯ ಬಯಕೆಗೆಂದು ಒಂದು ತಟ್ಟೆ ಮಾವಿನಕಾಯಿ ಹೋಳು ಉಪ್ಪುಖಾರ ಹಚ್ಚಿ ಕಳಿಸಿದಳು. ಸೊಸೆ ಅದನ್ನು ಮುಟ್ಟಲಿಲ್ಲ. ನಾನೇ ತಿಂದೆ.

ಮೂರು ತಿಂಗಳಾದ ಮೇಲೆ ಆಸ್ಪತ್ರೆಯ ಕಚೇರಿಯಿಂದ ಕರೆ ಬಂತು. ಮಗನಿಗೆ ಕೆಲಸವಿತ್ತು, ನಾನು ಜೊತೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಅವಳು ಬೇಗನೆ ಬಂದಳು.

"ಮತ್ತ ಮೂರು ತಿಂಗಳು, ಅತ್ತಿ."

"ಯಾಕಂತ?"

"ಆ ಮುದುಕನ ಮನಿಯವರು ಊರಿಗೆ ಹೋಗ್ಯಾರಂತ. ಅವರ ಹೇಳಿಕಿ ಆಗೂತನಕಾ ಮುಗಿಯೂದಿಲ್ಲಂತ."

"ಅವರು ಬರಲಿಲ್ಲಂದ್ರ?"

"ಮತ್ತ ಮುಂದಕ್ಕ ಹಾಕ್ತಾರ."

"ನೀ ಏನೂ ಕೇಳಲಿಲ್ಲೇನು?"

"ಮುದುಕ ಹೆಂಗದಾನ ಅಂತ ಕೇಳಿದೆ. ಅದು ಇಲ್ಲಿ ಕೇಳೂ ಮಾತಲ್ಲ ಅಂದ್ರು."

ಲೋಕಲ್ ಹತ್ತಿ ಭಾಂಡುಪಿಗೆ ವಾಪಸಾದೆವು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ.

ಮರುದಿನ ಸಂಜೆ ಕೆಳಗಿನ ಖೋಲಿಯ ಕಾಕಾ ಬಂದರು. ಬೆಳಗಾವಿ ಕಡೆಯವರು, ಕಾರಖಾನೆಯಲ್ಲಿ ದುಡಿದು ಮುದುಕರಾದವರು. ಊಟಕ್ಕೆ ಮೊದಲು ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಆಗಬೇಕು. ಚುಚ್ಚುತ್ತಿದ್ದ ಹೆಂಡತಿ ಮಗಳ ಬಾಣಂತನಕ್ಕೆ ದಹಿಸರ್‌ಗೆ ಹೋಗಿದ್ದಳು. ಇವರಿಗೆ ಕಣ್ಣು ಮಂಜು, ಕೈ ನಡುಕ.

"ಮಲಗ್ಯಾಳ," ಎಂದೆ.

"ವಹಿನಿ, ಒಳಗ ಕುಕ್ಕರ್ ಶಿಟ್ಟಿ ಹೊಡ್ಯಾಕತ್ತೈತಿ. ನೀವಂತೂ ಇಲ್ಲಿ ನಿಂತೀರಿ. ನಿದ್ದಿಯೊಳಗ ಅನ್ನಾ ಮಾಡತಾಳೇನು?"

ಅಷ್ಟರಲ್ಲಿ ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಕಣ್ಣು ಕಾಕಾನ ಕೈಯಲ್ಲಿದ್ದ ಸೂಜಿಯ ಮೇಲೆ ಇತ್ತು. ಬಾಗಿಲು ಹಾಕಿ ಚುಚ್ಚಿಬಿಟ್ಟರೆ ಒಂದು ನಿಮಿಷದ ಕೆಲಸ. ಆದರೆ ಕಾಕಾ ಒಳ್ಳೆಯ ಮನುಷ್ಯ, ನಮ್ಮ ಸಿಸ್ಟರ್ ಕೈಗುಣ ಎಂದು ಇಡೀ ಚಾಳಿಗೆ ಹೇಳಿಕೊಂಡು ಬರುತ್ತಾರೆ. ಅದು ಕಚೇರಿಗೆ ಮುಟ್ಟಲು ಎಷ್ಟು ಹೊತ್ತು? ಬೇಡ ಎಂದು ಕಣ್ಣಿನಲ್ಲೇ ಗದರಿಸಿದೆ.

"ಕಾಕಾ, ನಾ ರಜಾದಾಗ ಇಲ್ರಿ," ಎಂದಳು. "ಸಸ್ಪೆಂಡ್ ಆಗೇನಿ. ನಿನ್ನೆ ಮತ್ತ ಮುಂದ ಹಾಕ್ಯಾರ. ಸೂಜಿ ಮುಟ್ಟೂ ಹಂಗಿಲ್ಲ." ಯಾಕೆ ಎಂದೂ ಹೇಳಿದಳು. ಫ್ಯಾನು, ಮಂಚ, ಕಪ್ಪು, ಏನನ್ನೂ ಬಿಡಲಿಲ್ಲ. ಎದುರು ಖೋಲಿಯವಳು ಬಾಗಿಲಿಗೆ ಬಂದು ನಿಂತದ್ದನ್ನು ಕಂಡೂ ದನಿ ಇಳಿಸಲಿಲ್ಲ.

ಕಾಕಾ ಸೂಜಿ ಜೇಬಿಗೆ ಹಾಕಿಕೊಂಡರು. "ಆ ಮನಶ್ಯಾ ಬದುಕ್ಯಾನಿಲ್ಲೋ?"

"ಬದುಕ್ಯಾನ್ರಿ."

"ಮೊದಲ ಹೇಳಬಾರದೇನ ಪೋರಿ? ನಾವು ತೊಟ್ಟಲದ ಊಟಕ್ಕ ಕಾಯಾಕತ್ತಿದ್ವಿ."

ಸೊಸೆ ನಕ್ಕಳು. ಆಮೇಲೆ ಅತ್ತಳು. ಅವಳನ್ನು ಹಾಗೇ ಬಿಟ್ಟು, ನಾನು ಕಾಕಾನ ಕೈ ಹಿಡಿದು ಸ್ಟೇಷನ್ ರಸ್ತೆಯ ದವಾಖಾನೆಗೆ ಕರೆದುಕೊಂಡು ಹೋದೆ. ಹೆಂಡತಿ ಬರುವ ತನಕ ದಿನವೂ ಹೋದೆವು.

ಎದುರಿನವಳು ಈಗ ಸೊಸೆಯನ್ನು ಮಾತಾಡಿಸುವುದು ಕಡಿಮೆ. ಅವಳ ಅಣ್ಣನೂ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಅವಳಿಗೆ ಅಂಜಿಕೆ ಇರಬಹುದು. ಸೂಜಿ ಹಿಡಿದು ಯಾರೂ ನಮ್ಮ ಮನೆಗೆ ಬರುವುದಿಲ್ಲ. ನಳದ ಹತ್ತಿರ ಸಿಕ್ಕವರು, ಆ ಮುದುಕನ ಮನೆಯವರು ಊರಿಂದ ಬಂದರೇ ಎಂದು ಕೇಳುತ್ತಾರೆ. ಇನ್ನೂ ಇಲ್ಲ ಎನ್ನುತ್ತೇನೆ.