ಮಾವ ಆರಿಸಿದ ಬ್ಯಾಟರಿ

ನಮ್ಮ ಮನೆಗೆ ಒಂದು ಸೂಜಿ ತರಬೇಕಾದರೂ ಮಾವನ ಒಪ್ಪಿಗೆ ಬೇಕಿತ್ತು. ಮಾವ ಎಂದರೆ ನನ್ನ ತಾಯಿಯ ಅಣ್ಣ. ಅಳಿಯಕಟ್ಟಿನ ಮನೆ ನಮ್ಮದು, ಆಸ್ತಿ ಅಧಿಕಾರ ಎಲ್ಲ ತಾಯಿಯ ಕಡೆಯಿಂದ ಬರುವಂಥದ್ದು. ಅಪ್ಪ ಎಷ್ಟೇ ಒಳ್ಳೆಯವರಿದ್ದರೂ ನಡೆಯುತ್ತಿದ್ದದ್ದು ಮಾವನ ಮಾತು. ಗದ್ದೆಗೆ ಯಾವ ಬೀಜ, ಹಬ್ಬಕ್ಕೆ ಯಾವ ಕೋಳಿ, ಯಾರಿಗೆ ಯಾವ ಹುಡುಗಿ, ಎಲ್ಲ ಅವರೇ ಹೇಳಬೇಕು. ನಾನು ಮಣಿಪಾಲದ ಒಂದು ಕಚೇರಿಯಲ್ಲಿ ಟೈಪಿಸ್ಟ್, ಇಪ್ಪತ್ತೇಳು ತುಂಬಿದ ಗಂಡಸು. ಆದರೂ ಅವರೆದುರು ‘ಇಲ್ಲ’ ಎಂಬ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಪುವಿನ ನಮ್ಮ ಮನೆಯ ಅಂಗಳದಲ್ಲಿ ಒಂದು ಹಳೆಯ ಅಂಬಾಸಿಡರ್ ಇತ್ತು. ಬಿಡುವವನು ನಾನು, ಪಕ್ಕದಲ್ಲಿ ಕುಳಿತು ಹೇಗೆ ಬಿಡಬೇಕೆಂದು ಹೇಳುವವರು, ಸ್ಟೇರಿಂಗ್ ಮುಟ್ಟಿಯೂ ಗೊತ್ತಿಲ್ಲದ ಮಾವ. ಅದರ ಬ್ಯಾಟರಿ ಕೆಟ್ಟು ಒಂದು ತಿಂಗಳಾಗಿತ್ತು. ಕಾರು ಹೊರಡಬೇಕಾದಾಗಲೆಲ್ಲ ದೂಡಬೇಕು. ನೆರೆಮನೆಯಲ್ಲಿದ್ದ ಒಣಮೀನಿನ ವ್ಯಾಪಾರಿ ಬ್ಯಾರಿಗಳು, “ಎಂತ ಮಾರಾಯ, ನಿನ್ನ ಕಾರು ದೂಡದೆ ನನಗೆ ಚಾ ಇಳಿಯುವುದಿಲ್ಲ” ಎಂದು ನಗುತ್ತ ಲುಂಗಿ ಎತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಹಾಗೆ ದೂಡಿಕೊಂಡೇ ಇನ್ನೊಂದು ವರ್ಷ ಕಳೆಯುತ್ತಿತ್ತೋ ಏನೋ. ಅಷ್ಟರಲ್ಲಿ ಕಾರ್ಕಳದಿಂದ ಒಂದು ಸಂಬಂಧ ಬಂತು. ಹುಡುಗಿ ಮಣಿಪಾಲದಲ್ಲಿ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ವಾರವಿಡೀ ಉಡುಪಿಯ ಚಿಕ್ಕಮ್ಮನ ಮನೆಯಲ್ಲಿರುತ್ತಾಳೆ ಎಂದು ಕೇಳಿದಾಗ ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಅವಳನ್ನು ನಾನು ಬಲ್ಲೆ! ಸಂಜೆ ಬಸ್ಸಿನ ಬಾಗಿಲಲ್ಲಿ ನೇತಾಡುವ ಗಂಡಸರನ್ನು “ಒಳಗೆ ಜಾಗ ಉಂಟಲ್ವಾ, ಹೋಗಿ ಒಳಗೆ” ಎಂದು ಗದರಿಸಿ ಹತ್ತುವವಳು ಇಡೀ ಮಣಿಪಾಲದಲ್ಲಿ ಅವಳೊಬ್ಬಳೇ. ಎರಡು ವರ್ಷದಿಂದ ದೂರದಿಂದ ನೋಡುತ್ತಿದ್ದೆ, ಮಾತಾಡಿಸಲು ಧೈರ್ಯ ಬಂದಿರಲಿಲ್ಲ. ಮಾವ ಇದಕ್ಕೆ ಮುಂಚೆ ಎರಡು ಸಂಬಂಧಗಳನ್ನು ಬೇಡವೆಂದಿದ್ದರು: ಒಂದು ಮನೆಯ ನಾಯಿ ತಮ್ಮನ್ನು ಕಂಡು ಬೊಗಳಿತೆಂದು, ಇನ್ನೊಂದು ಮನೆಯವರು ಹೋದ ಕೂಡಲೇ ಬೆಲ್ಲ ನೀರು ಕೊಡಲಿಲ್ಲವೆಂದು. ಈ ಸಲವೂ ಬೇಡವೆಂದರೆ ನನ್ನ ಕತೆ ಮುಗಿದ ಹಾಗೆಯೇ.

“ಹುಡುಗಿ ನೋಡಲು ಹೋಗುವಾಗ ಕಾರು ದೂಡುವುದಾ? ನಮ್ಮ ಮರ್ಯಾದೆ ಎಂತ ಆಗ್ಬೇಕು?” ಎಂದು ಮಾವ ನನ್ನನ್ನು ಉಡುಪಿಯ ಬ್ಯಾಟರಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರು ನಮ್ಮ ಕಾರಿಗೆ ಹೊಂದುವ ಒಂದನ್ನು ತಂದು ಮೇಜಿನ ಮೇಲಿಟ್ಟರು. ಮಾವ ಒಂದು ಕಾಲದಲ್ಲಿ ಕಂಬಳದ ಕೋಣ ಸಾಕಿದವರು. ಅವರು ಆ ಬ್ಯಾಟರಿಯ ಸುತ್ತ ಒಂದು ಬಾರಿ ನಡೆದರು, ಪಕ್ಕೆಗೆ ತಟ್ಟಿದರು, ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದರು.

“ಇದೆಂತ, ಕರುವಿನ ಹಾಗುಂಟು. ಆಚೆಯದ್ದು ತೋರಿಸಿ.”

“ಅದು ಲಾರಿಯದ್ದು ಧನಿಗಳೇ. ನಿಮ್ಮ ಕಾರಿಗೆ ಎತ್ತರ ಆಗ್ತದೆ” ಎಂದರು ಅಂಗಡಿಯವರು.

“ಲಾರಿ ಎಳೆಯುವಂಥದ್ದಕ್ಕೆ ಕಾರು ಎಳೆಯಲಿಕ್ಕೆ ಕಷ್ಟವಾ?”

ಹಳೆಯ ಬ್ಯಾಟರಿಯ ಉದ್ದ, ಅಗಲ, ಎತ್ತರ ಬರೆದ ಚೀಟಿ ನನ್ನ ಕಿಸೆಯಲ್ಲೇ ಇತ್ತು. ಹಿಂದಿನ ದಿನ ನಾನೇ ಅಳತೆ ತೆಗೆದಿದ್ದೆ. ಮಾವ ನನ್ನ ಕಡೆ ತಿರುಗಿ “ಎಂತ ಹೇಳ್ತಿ?” ಎಂದಾಗ ನಾನು “ನೀವು ಹೇಳಿದ ಹಾಗೆ” ಎಂದೆ. ನನ್ನಂಥ ಹೇಡಿಗೆ ಕಿಸೆ ಯಾಕೆ, ಚೀಟಿ ಯಾಕೆ!

ಮನೆಗೆ ತಂದು ಕೂರಿಸಿದರೆ ಬಾನೆಟ್ ಮುಚ್ಚುವುದಿಲ್ಲ. ಒತ್ತಿ ಮುಚ್ಚಿದರೆ ಬ್ಯಾಟರಿಯ ಮೇಲಿನ, ವಯರ್ ಸಿಕ್ಕಿಸುವ ಸೀಸದ ಮೊಳೆ ಬಾನೆಟಿನ ತಗಡಿಗೆ ತಾಗಿ ಚಟ್ ಎಂದು ಕಿಡಿ. ಮಾವ ವಿಚಲಿತರಾಗಲಿಲ್ಲ. ಗದ್ದೆಗೆ ಹೋಗುವಾಗ ತಲೆಗೆ ಇಟ್ಟುಕೊಳ್ಳುತ್ತಿದ್ದ ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಂದು ಬ್ಯಾಟರಿಯ ತಲೆಗೆ ಇಟ್ಟರು. ಬಾನೆಟ್ ಹೇಗೋ ಮುಚ್ಚಿತು. ಸೆಲ್ಫ್ ಎಳೆದೆ, ಒಂದೇ ಎಳೆತಕ್ಕೆ ಎಂಜಿನ್ ಗುಡುಗಿತು. “ನೋಡಿದಿಯಾ!” ಎಂದರು ಮಾವ. ನೋಡದೆ ಏನು ಮಾಡಲಿ.

ಭಾನುವಾರ ಬೆಳಿಗ್ಗೆ ಮಾವ, ಅಮ್ಮ, ನಾನು ಹೊರಟೆವು. ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್ ದಾಟಿ ಕಾರ್ಕಳ. ದಾರಿಯ ಹೊಂಡ ಒಂದೊಂದಕ್ಕೂ ನನ್ನ ಕಿವಿ ಬಾನೆಟಿನ ಕಡೆಗೇ. ಆದರೆ ಆ ಮನೆಯಲ್ಲಿ ಎಲ್ಲವೂ ಸುಸೂತ್ರ: ನಾಯಿ ಬೊಗಳಲಿಲ್ಲ, ಬೆಲ್ಲ ನೀರು ತಕ್ಷಣ ಬಂತು, ಬಿಸಿ ಬನ್ಸ್ ಬಂತು. ಕಾಫಿ ತಂದ ಹುಡುಗಿ ನನ್ನ ಮುಖ ನೋಡಿ, “ನೀವು ಬಸ್ಸಿನ ಬಾಗಿಲಲ್ಲಿ ನೇತಾಡುವವರಲ್ವಾ?” ಎಂದು ಕೇಳಿದಳು. ಮಾವ ಹೊಟ್ಟೆ ಕುಲುಕಿಸಿ ನಕ್ಕರು. ಅವರು ಹಾಗೆ ನಕ್ಕರೆ ಅರ್ಧ ಗೆದ್ದಂತೆ. ನಾನು ಮೂರು ಬನ್ಸ್ ತಿಂದೆ.

ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ಮಾವನಿಗೆ ಹುಡುಗಿಯ ತಂದೆಯ ಎದುರು ಬ್ಯಾಟರಿಯ ಪ್ರತಾಪ ತೋರಿಸುವ ಹುಮ್ಮಸ್ಸು ಬಂತು. “ಒಮ್ಮೆ ಚಾಲು ಮಾಡಿ ತೋರಿಸು” ಎಂದರು. ಮನೆಯವರೆಲ್ಲ ಅಂಗಳಕ್ಕಿಳಿದರು. ಎಂಜಿನ್ ಗುಡುಗಿತು, ಕಾರು ಅದುರಿತು, ಬಾನೆಟಿನ ಒಳಗಿಂದ ಪಟಪಟ ಸದ್ದು ಬಂತು, ಆಮೇಲೆ ಹೊಗೆ. ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ಮುಟ್ಟಾಳೆ ತೂತಾಗಿತ್ತು. ಮಾವ ಮೆಟ್ಟಿಲ ಬಳಿ ಕಾಲು ತೊಳೆಯಲು ಇಟ್ಟಿದ್ದ ಕೊಡ ಎತ್ತಿಕೊಂಡು ಓಡಿಬಂದರು.

“ನೀರು ಹಾಕ್ಬೇಡಿ! ಕೊಡ ಕೆಳಗಿಡಿ!”

ಹುಡುಗಿಯ ದನಿ. ಬಸ್ಸಿನವರನ್ನು ಗದರಿಸುವ ಅದೇ ದನಿ. ನಮ್ಮ ಮಾವನಿಗೆ ಹಾಗೆ ಹೇಳಿದವರು ಹುಟ್ಟಿರಲಿಲ್ಲ. ಅವರು ಕೊಡ ಕೆಳಗಿಟ್ಟರು. ಅವಳು ನನಗೆ ಹೇಳಿ ಎಂಜಿನ್ ಬಂದ್ ಮಾಡಿಸಿ, ಬಾನೆಟ್ ತೆಗೆಸಿ, ಉರಿಯುತ್ತಿದ್ದ ಹಾಳೆಯನ್ನು ಕೋಲಿನಿಂದ ಎತ್ತಿ ಎಸೆದಳು. ಸ್ಪಾನರ್ ತೆಗೆದುಕೊಂಡು ಬ್ಯಾಟರಿಯ ವಯರ್ ಬಿಚ್ಚಿ ಬದಿಗಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಇದನ್ನು ಯಾರು ಆರಿಸಿದ್ದು? ಎತ್ತರ ಹೆಚ್ಚಾಯ್ತು. ಮತ್ತೆ ಇಷ್ಟು ದೊಡ್ಡದನ್ನು ಚಾರ್ಜು ಮಾಡಿ ತುಂಬಿಸಲಿಕ್ಕೆ ಈ ಕಾರಿಗೆ ತಾಕತ್ತು ಇಲ್ಲ. ಯಾರೂ ಅಳತೆ ನೋಡ್ಲಿಲ್ವಾ?” ಎಂದಳು.

“ನಾನು ಆರಿಸಿದ್ದು” ಎಂದರು ಮಾವ. ದನಿ ಗಡುಸಾಗಿತ್ತು. “ಬ್ಯಾಟರಿಯಲ್ಲಿ ಎಂತ ತಪ್ಪುಂಟು? ಹೇಳು ನೀನು” ಎಂದು ನನ್ನ ಕಡೆ ತಿರುಗಿದರು.

ಅಮ್ಮ ಹಿಂದಿನಿಂದ ನನ್ನ ಅಂಗಿ ಜಗ್ಗಿದರು. ಸುಮ್ಮನಿದ್ದರೆ ಹುಡುಗಿಯ ಕಣ್ಣಿಗೆ ಸಣ್ಣವನಾಗುತ್ತೇನೆ, ಬಾಯಿ ಬಿಟ್ಟರೆ ಸಂಬಂಧವೇ ಹೋಗುತ್ತದೆ. “ಅವರು ಹೇಳುವುದು ಸರಿ ಮಾವ” ಎಂದೆ. “ಅಳತೆ ನನ್ನ ಹತ್ತಿರ ಇತ್ತು. ನಾನು ಹೆದರಿ ಹೇಳ್ಲಿಲ್ಲ.”

ಮಾವ ಹೋಗಿ ಕಾರಿನಲ್ಲಿ ಕುಳಿತರು. ಹುಡುಗಿ ವಯರ್ ಮತ್ತೆ ಜೋಡಿಸಿ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಮೊಳೆಗಳ ಮೇಲೆ ದಪ್ಪಗೆ ಸುತ್ತಿಕೊಟ್ಟಳು, ಬಾನೆಟನ್ನು ಹಗ್ಗದಲ್ಲಿ ಕಟ್ಟಿಕೊಂಡು ಊರು ಸೇರಿದೆವು. ದಾರಿಯುದ್ದಕ್ಕೂ ಮಾವ ‘ಬ್ರೇಕ್ ಹಾಕು’ ಎಂದು ಕೂಡ ಹೇಳಲಿಲ್ಲ. ಮೂರು ದಿನ ಮನೆಯಲ್ಲಿ ಅವರ ಮಾತಿಲ್ಲ, ನನಗೆ ಊಟ ಸೇರಲಿಲ್ಲ. ಅಮ್ಮ ಸಂಬಂಧದ ಸುದ್ದಿ ಎತ್ತಿದರೆ ಅವರು ಎದ್ದು ಗದ್ದೆಗೆ ನಡೆಯುತ್ತಿದ್ದರು. ಅಷ್ಟು ವರ್ಷ ಸುಮ್ಮನಿದ್ದವನು ಇನ್ನೊಂದು ದಿನ ಸುಮ್ಮನಿರಬಾರದಿತ್ತಾ ಎಂದು ನನ್ನನ್ನೇ ಬೈದುಕೊಂಡೆ.

ಗುರುವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಕಾರಿನಲ್ಲಿ ಕುಳಿತಿದ್ದರು. “ಹೊರಡು. ಬ್ಯಾಟರಿ ಬದಲಿಸ್ಬೇಕು.” ಉಡುಪಿಯಲ್ಲಿ ಅಂಗಡಿಯ ಎದುರು ನಿಧಾನ ಮಾಡಿದೆ. “ಇಲ್ಲಲ್ಲ. ಮೇಲೆ ಬಿಡು” ಎಂದರು. ಮಣಿಪಾಲದ ಏರು ಹತ್ತಿದೆವು. ಕಾಲೇಜಿನ ಗೇಟಿನಲ್ಲಿ ನಿಲ್ಲಿಸಲು ಹೇಳಿ, “ನೀನು ಇಲ್ಲೇ ಕೂತ್ಕೋ” ಎಂದು ಒಬ್ಬರೇ ಒಳಗೆ ಹೋದರು. ಬೇಡವೆಂಬುದನ್ನು ಅವಳ ಮುಖಕ್ಕೇ ಹೇಳಲು ಬಂದಿದ್ದಾರೆ ಎಂದುಕೊಂಡೆ.

ಹತ್ತು ನಿಮಿಷದಲ್ಲಿ ಮಾವ ಬಂದರು. ಹಿಂದೆಯೇ ಅವಳು, ಕೈಯಲ್ಲಿ ಸ್ಟೀಲಿನ ಸ್ಕೇಲು. ಬಾನೆಟ್ ನಿಲ್ಲಿಸುವ ಕಡ್ಡಿ ನಮ್ಮ ಕಾರಿನಲ್ಲಿ ಮುರಿದುಹೋಗಿತ್ತು. ಮಾವನೇ ಹಗ್ಗ ಬಿಚ್ಚಿ ಎರಡೂ ಕೈಯಿಂದ ಬಾನೆಟ್ ಎತ್ತಿದರು.

“ನನಗೆ ಕೋಣ ಗೊತ್ತುಂಟು” ಎಂದರು. “ಇದು ಗೊತ್ತಿಲ್ಲ. ನೀನು ನೋಡಿ ಹೇಳು, ಅದನ್ನೇ ತರುವ.”

ಅವರ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಅವಳು ಬಗ್ಗಿ ಬ್ಯಾಟರಿ ಕೂರುವ ಜಾಗದ ಉದ್ದ ಹಿಡಿದಳು, ಅಗಲ ಹಿಡಿದಳು.

“ಇನ್ನು ನಮ್ಮ ಮನೆಯಲ್ಲಿ ಇಂಥದ್ದೆಲ್ಲ ನೀನೇ ನೋಡಿಕೊಳ್ಬೇಕಾಗ್ತದೆ” ಎಂದರು ಮಾವ. “ಆಗ್ತದಾ?”

ಅವಳು ತಲೆಯೆತ್ತಿ ಒಮ್ಮೆ ನನ್ನ ಕಡೆ ನೋಡಿದಳು, ಮತ್ತೆ ಬಗ್ಗಿದಳು.

“ಆಗ್ತದೆ ಮಾವ. ಬಾನೆಟ್ ಇನ್ನು ಸ್ವಲ್ಪ ಎತ್ತಿ ಹಿಡೀರಿ.”

ಮಾವ ಎತ್ತಿ ಹಿಡಿದರು.